ಬೆನ್ನುಮೂಳೆ ಪೆಟ್ಟಿನಿಂದ ಚೇತರಿಸಿಕೊಂಡ ಮೇಲೆ ಸಹಾಯಾರ್ಥ ಚಾರಣ: ಡಾಕ್ಟರ ಭೇಟಿಯಿಂದ ಕೊನೆಯ ಲೆಕ್ಕದವರೆಗೆ

ಬೆನ್ನುಮೂಳೆ ಮುರಿದುಕೊಂಡು ಹಾಸಿಗೆ ಹಿಡಿದು, ಆಮೇಲೆ ಬೆಲ್ಟ್ ಕಟ್ಟಿಕೊಂಡು ವಾಕರ್ ಹಿಡಿದು ಮನೆಯೊಳಗೇ ನಡೆದಾಡಿ, ಕೊನೆಗೆ ಬೀದಿಗಿಳಿದವರಲ್ಲಿ ತುಂಬಾ ಜನರಿಗೆ ಒಂದು ಆಸೆ ಬರುತ್ತದೆ. ಒಂದು ಬೆಟ್ಟ ಹತ್ತಬೇಕು. ಅದೂ ಸುಮ್ನೆ ಅಲ್ಲ, ನಮ್ಮ ಹಾಗೇ ಬಿದ್ದು ಇನ್ನೂ ಏಳಲಾಗದವರಿಗೆ ಒಂದಿಷ್ಟು ದುಡ್ಡು ಕೂಡಿಸಿಕೊಂಡು ಹತ್ತಬೇಕು. ನನಗೂ ಬಂದಿತ್ತು. ನನ್ನದು ಎಲ್‌1 ಮೂಳೆ, ಅಂದರೆ ಸೊಂಟದ ಭಾಗದ ಮೊದಲನೆಯದು, ಒಳಗೆ ಸ್ಕ್ರೂ ರಾಡ್ ಎಲ್ಲ ಇದೆ. ಆಸೆ ಒಳ್ಳೆಯದೇ. ಸರಿಯಾಗಿ ತಯಾರಾದರೆ ಬಹಳಷ್ಟು ಜನರ ಕೈಲಿ ಆಗುವಂಥದ್ದೂ ಹೌದು.

ಆದರೆ ಮಾಮೂಲಿ ಚಾರಣಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಪಾಡಿಗೆ ನಾವು ಹೋಗಿದ್ದರೆ, ಸೊಂಟ ಹಿಡಿದುಕೊಂಡಾಗ ‘ಸಾಕು’ ಅಂತ ವಾಪಸ್ ಬರುತ್ತೇವೆ. ಇಲ್ಲಿ ನೆಂಟರು, ಆಫೀಸಿನವರು, ಹೈಸ್ಕೂಲ್ ಗೆಳೆಯರು ಎಲ್ಲರೂ ದುಡ್ಡು ಹಾಕಿದ್ದಾರೆ, ವಾಟ್ಸ್ಯಾಪ್ ಗ್ರೂಪಿನಲ್ಲಿ ತುದಿಯ ಫೋಟೋಗೆ ಕಾಯುತ್ತಿದ್ದಾರೆ, ಅರ್ಧಕ್ಕೆ ನಿಲ್ಲಿಸಿದರೆ ಅವರಿಗೆ ಏನು ಹೇಳುವುದು ಅಂತ ಹಲ್ಲು ಕಚ್ಚಿಕೊಂಡು ಮುಂದೆ ಹೋಗುತ್ತೇವೆ. ಪೆಟ್ಟು ತಿಂದ ಬೆನ್ನಿಗೆ ಅಪಾಯ ಇರುವುದು ಇಲ್ಲೇ. ಅದಕ್ಕೇ ಬೆಟ್ಟದ ಆಯ್ಕೆ, ದುಡ್ಡು ಕೇಳುವ ರೀತಿ, ಬ್ಯಾಗಿನ ತೂಕ, ಜೊತೆಗೆ ಬರುವ ಜನ, ಎಲ್ಲವನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನಿರ್ಧರಿಸಿ: ಎಲ್ಲಿಂದ ಬೇಕಾದರೂ, ಯಾವಾಗ ಬೇಕಾದರೂ ನಾಚಿಕೆಯಿಲ್ಲದೆ ವಾಪಸ್ ಬರಲು ಇದರಲ್ಲಿ ದಾರಿ ಇದೆಯಾ?

ಈ ಬರಹ ಯಾರಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಸಮತಟ್ಟು ನೆಲದಲ್ಲಿ ಒಂದು ಗಂಟೆ ನಿಲ್ಲದೆ ನಡೆಯಬಲ್ಲವರಿಗೆ, ಮತ್ತು ಡಾಕ್ಟರ ಹತ್ತಿರ ಫಾಲೋಅಪ್ ತಪ್ಪಿಸದವರಿಗೆ. ಇದು ಡಾಕ್ಟರ ಮಾತಿಗೆ ಬದಲಿ ಅಲ್ಲ.

ಡಾಕ್ಟರ ಹತ್ತಿರ ಏನು ಕೇಳಬೇಕು

‘ಡಾಕ್ಟ್ರೇ, ಟ್ರೆಕ್ಕಿಂಗ್ ಹೋಗಬಹುದಾ?’ ಅಂತ ಕೇಳಿದರೆ ಒಂದೋ ‘ಯಾಕೆ ಬೇಕು ಇದೆಲ್ಲ’ ಅನ್ನುತ್ತಾರೆ, ಇಲ್ಲ ‘ನೋಡ್ಕೊಂಡು ಹೋಗಿ’ ಅನ್ನುತ್ತಾರೆ. ಎರಡರಿಂದಲೂ ನಮಗೆ ಏನೂ ಗೊತ್ತಾಗುವುದಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಎಷ್ಟು ಕಿಲೋಮೀಟರ್, ಎಷ್ಟು ಗಂಟೆ, ಬೆನ್ನ ಮೇಲೆ ಎಷ್ಟು ತೂಕ, ಇಳಿಜಾರು ಎಂಥದ್ದು, ಹತ್ತಿರದ ಆಸ್ಪತ್ರೆ ಎಷ್ಟು ದೂರ. ಆಮೇಲೆ ಬಿಡಿಬಿಡಿಯಾಗಿ ಕೇಳಿ.

ಮೊದಲ ಪ್ರಶ್ನೆ ಮೂಳೆ ಕೂಡಿದೆಯಾ ಅನ್ನುವುದು. ಫ್ಯೂಷನ್ ಆಪರೇಷನ್ ಆದವರಿಗೆ ಮೂಳೆ ಗಟ್ಟಿಯಾಗಿ ಬೆಸೆಯಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಬೇಕು. ಸ್ಕ್ರೂ ಇದೆ ಅಂದರೆ ಮೂಳೆ ಬೆಸೆದಿದೆ ಅಂತ ಅರ್ಥ ಅಲ್ಲ, ಮೂಳೆ ಬೆಸೆಯುವ ತನಕ ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಹಾಗಾಗಿ ಹೊಸ ಎಕ್ಸ್‌ರೇ ಬೇಕು, ಡಾಕ್ಟರಿಗೆ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್. ಆಪರೇಷನ್ ಇಲ್ಲದೆ ಬೆಲ್ಟ್‌ನಲ್ಲೇ ವಾಸಿಯಾದವರಿಗೆ, ಮುಂದೆ ಬಗ್ಗಿ ಹಿಂದೆ ಬಾಗಿ ತೆಗೆಯುವ ಎಕ್ಸ್‌ರೇ ಬೇಕಾ ಅಂತ ಕೇಳಿ. ಆ ಜಾಗದಲ್ಲಿ ಮೂಳೆ ಅಲುಗಾಡುತ್ತಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಎರಡನೆಯದು ಮೂಳೆಯ ಗಟ್ಟಿತನ. ತಿಂಗಳುಗಟ್ಟಲೆ ಮಲಗಿದರೆ ಮೂಳೆ ಸವೆಯುತ್ತದೆ, ವಯಸ್ಸು ಕಮ್ಮಿ ಇದ್ದರೂ ಅಷ್ಟೇ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ, ವಿಟಮಿನ್ ಡಿ ಎಷ್ಟಿದೆ ಅಂತ ಈಗಲೇ ನೋಡಿಸಿ. ಕಮ್ಮಿ ಇದ್ದರೆ ಸರಿಮಾಡಿಕೊಳ್ಳಲು ಸಮಯ ಹಿಡಿಯುತ್ತದೆ.

ಮೂರನೆಯದು ನರದ ಶಕ್ತಿ. ಡಾಕ್ಟರ ಮುಂದೆ ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿ. ಒಂದು ಪಾದ ಸ್ವಲ್ಪ ಜೋತುಬಿದ್ದರೂ ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ. ಬೆಟ್ಟದಲ್ಲಿ ಬೇರಿಗೆ ಎಡವುವುದು ಅದೇ ಪಾದ.

ಮಾತ್ರೆಗಳ ವಿಷಯವನ್ನೂ ಕೇಳಿ. ನರದ ನೋವಿಗೆ ಕೊಡುವ ಪ್ರಿಗಾಬಾಲಿನ್, ಗಾಬಾಪೆಂಟಿನ್‌ನಿಂದ ಕೆಲವರಿಗೆ ತಲೆ ಸುತ್ತುತ್ತದೆ, ಮಂಪರು ಬರುತ್ತದೆ. ಬಂಡೆ ಮೇಲೆ ಕಾಲಿಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಂತ ಸ್ವಂತ ಬುದ್ಧಿಯಿಂದ ಒಮ್ಮೆಗೇ ನಿಲ್ಲಿಸಬೇಡಿ. ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರೇ ಹೇಳಲಿ.

ಬೆನ್ನುಹುರಿಗೂ ಪೆಟ್ಟಾಗಿ, ಅದು ಟಿ6, ಅಂದರೆ ಎದೆ ಭಾಗದ ಆರನೇ ಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇದ್ದರೆ ಇನ್ನೊಂದು ಅಪಾಯ ಇದೆ. ಮೂತ್ರಕೋಶ ತುಂಬಿದರೂ, ಬ್ಯಾಗಿನ ಪಟ್ಟಿ ಬಿಗಿಯಾದರೂ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಬಹುದು. ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ತಲೆ ಸಿಡಿಯುವ ಹಾಗೆ ನೋವು, ಮುಖ ಕೆಂಪಾಗುವುದು, ಮೇಲರ್ಧ ಮೈಯಲ್ಲಿ ಬೆವರು. ಆಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿ ಇರುವುದನ್ನೆಲ್ಲ ಸಡಿಲ ಮಾಡಿ, ಮೂತ್ರ ಖಾಲಿ ಮಾಡಿಸಬೇಕು. ಕಮ್ಮಿ ಆಗದಿದ್ದರೆ ತಕ್ಷಣ ಆಸ್ಪತ್ರೆ. ಇದು ನಿಮ್ಮೊಬ್ಬರಿಗೆ ಗೊತ್ತಿದ್ದರೆ ಸಾಲದು, ಜೊತೆಗೆ ಬರುವವರಿಗೆ ಬಾಯಿಪಾಠ ಆಗಿರಬೇಕು.

ಯಾವ ಬೆಟ್ಟ?

ಎತ್ತರದ ಅಂಕಿ ನೋಡಿ ನಿರ್ಧರಿಸಬೇಡಿ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್ ಇದೆ, ಆದರೆ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ, ಮಿಕ್ಕಿದ್ದು ಮೆಟ್ಟಿಲು. ಕುಮಾರ ಪರ್ವತ 1712 ಮೀಟರ್ ಅಷ್ಟೇ, ಆದರೆ ಕುಕ್ಕೆ ಕಡೆಯಿಂದ ಹತ್ತಿ ಇಳಿದವರ ಮೊಣಕಾಲನ್ನು ಕೇಳಿ ನೋಡಿ. ನಡುದಾರಿಯ ಭಟ್ಟರ ಮನೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಗಾವಲು, ಮಧ್ಯದಲ್ಲಿ ಎಲ್ಲೂ ಗಾಡಿ ಸಿಗುವುದಿಲ್ಲ. ಮೊದಲ ಚಾರಣಕ್ಕೆ ಅದು ಬೇಡ.

ಕೊಡಚಾದ್ರಿ ಬಗ್ಗೆ ಎಲ್ಲರೂ ‘ಜೀಪ್ ಇದೆಯಲ್ಲ, ಸುಸ್ತಾದರೆ ಜೀಪಿನಲ್ಲಿ ಬರಬಹುದು’ ಅನ್ನುತ್ತಾರೆ. ಅಲ್ಲಿಗೆ ಜೀಪಿನಲ್ಲಿ ಹೋಗಿದ್ದೀರಾ? ಆ ಕಲ್ಲು, ಆ ಗುಂಡಿ, ಒಂದೊಂದು ತಿರುವಿನಲ್ಲೂ ಸೀಟಿನಿಂದ ಎಗರಿ ಕೂರಬೇಕು. ಕೂತಿರುವಾಗ ಕೆಳಗಿನಿಂದ ಬರುವ ಆ ಗುದ್ದು ನೇರ ಬೆನ್ನುಮೂಳೆಗೇ ಹೋಗುತ್ತದೆ, ತಡೆಯಲು ಮೊಣಕಾಲು ಇರುವುದಿಲ್ಲ. ನಡೆಯುವುದಕ್ಕಿಂತ ಇದೇ ಜಾಸ್ತಿ ಅಪಾಯ. ಕುದುರೆಮುಖಕ್ಕೂ ಹೀಗೇ, ಬಾಳೆಗಲ್‌ನಿಂದ ಮುಳ್ಳೋಡಿಗೆ ಹೋಗುವ ಜೀಪ್ ದಾರಿ ಇದೆ. ಅದಾದ ಮೇಲೆ ಹೋಗಿ ಬರಲು 18 ಕಿಲೋಮೀಟರಿಗೂ ಮಿಕ್ಕಿದ ನಡಿಗೆ, ನಡುವೆ ಹಳ್ಳಗಳು. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಕೊಡಗಿನ ತಡಿಯಂಡಮೋಳ್. ಜಿಲ್ಲೆಯಲ್ಲೇ ಎತ್ತರದ ಶಿಖರ, 1748 ಮೀಟರ್. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಿಂದ ತುದಿಗೆ ಹೆಚ್ಚೂಕಡಿಮೆ 7 ಕಿಲೋಮೀಟರ್. ಮೊದಲ ಅರ್ಧ ಗಾಡಿ ಹೋಗುವಂಥ ಅಗಲ ದಾರಿ, ಆಮೇಲೆ ಕಾಲುದಾರಿ, ನಡುವೆ ದೊಡ್ಡ ಬಂಡೆಯ ಹತ್ತಿರ ಕೂತು ನೋಡುವ ಜಾಗ, ಕೊನೆಗೆ ಶೋಲಾ ಕಾಡಿನ ಕಡಿದಾದ ಏರು. ಹೋದ ದಾರಿಯಲ್ಲೇ ವಾಪಸ್ ಬರಬೇಕು, ಇದು ನಮಗೆ ದೊಡ್ಡ ಅನುಕೂಲ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಚಾರಣದಲ್ಲಿ ಅರ್ಧ ದಾಟಿದ ಮೇಲೆ ವಾಪಸ್ ಅನ್ನುವುದೇ ಇರುವುದಿಲ್ಲ. ಇಲ್ಲಿ ಬಂಡೆಯ ಹತ್ತಿರವೇ ‘ಇವತ್ತಿಗೆ ಇಷ್ಟು’ ಅಂತ ತಿರುಗಿದರೂ ಕೊಡಗಿನ ಬೆಟ್ಟಸಾಲು ಕಣ್ತುಂಬ ಸಿಕ್ಕಿರುತ್ತದೆ.

ಅರಣ್ಯ ಇಲಾಖೆಯ ಚಾರಣಗಳಿಗೆ ಈಗ ಆನ್‌ಲೈನ್ ಬುಕಿಂಗ್ ಇದೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುತ್ತಾರೆ. ಮಳೆಗಾಲದಲ್ಲಿ ಜಾರಿಕೆ ಮತ್ತು ಜಿಗಣೆ. ಹಾಗಾಗಿ ನವೆಂಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಒಂದು ಮಾತು: ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬರುವುದೂ ಅದೇ ಹೊತ್ತಿಗೆ. ಅದರ ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲೇ. ಹಬ್ಬದ ದಿನಗಳಲ್ಲಿ ಹೋಂಸ್ಟೇಯವರೂ ಗೈಡುಗಳೂ ಅವರವರ ಮನೆಯಲ್ಲಿ ಇರುತ್ತಾರೆ. ದಿನಾಂಕ ಘೋಷಿಸುವ ಮೊದಲು ಬುಕಿಂಗ್, ಗೈಡ್ ಎರಡೂ ಖಚಿತ ಮಾಡಿಕೊಳ್ಳಿ.

ದುಡ್ಡು ಕೇಳುವುದು ಹೇಗೆ

ಇದನ್ನು ತಯಾರಿಗಿಂತ ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಮನವಿಯಲ್ಲಿ ಬರೆಯುವ ಒಂದು ಸಾಲು ಬೆಟ್ಟದಲ್ಲಿ ನಿಮ್ಮ ಬೆನ್ನನ್ನು ಕಾಯುತ್ತದೆ, ಇಲ್ಲ ಕೆಡಿಸುತ್ತದೆ. ‘ನಾನು ತಡಿಯಂಡಮೋಳ್ ತುದಿ ಮುಟ್ಟುತ್ತೇನೆ, ಸಹಾಯ ಮಾಡಿ’ ಅಂತ ಬರೆಯಬೇಡಿ. ‘ಕಿಲೋಮೀಟರಿಗೆ ಇಷ್ಟು ರೂಪಾಯಿ’ ಅಂತಲೂ ಬೇಡ, ಬೆನ್ನು ನೋಯುತ್ತಿರುವಾಗ ಪ್ರತಿ ಕಿಲೋಮೀಟರಿಗೂ ಬೆಲೆ ಕಟ್ಟಿಕೊಂಡು ನಡೆಯುವ ಪರಿಸ್ಥಿತಿ ಯಾರಿಗೂ ಬೇಡ. ಹೀಗೆ ಬರೆಯಿರಿ: ‘ಡಿಸೆಂಬರಿನಲ್ಲಿ ತಡಿಯಂಡಮೋಳ್ ಕಡೆಗೆ ನಡೆಯುತ್ತೇನೆ. ನನ್ನ ಬೆನ್ನು ಎಲ್ಲಿವರೆಗೆ ಒಪ್ಪುತ್ತದೋ ಅಲ್ಲಿವರೆಗೆ. ನೀವು ಕೊಡುವ ಹಣ ಪೂರ್ತಿ ಇವತ್ತೇ ಸಂಸ್ಥೆಗೆ ಹೋಗುತ್ತದೆ, ನಾನು ಎಷ್ಟು ದೂರ ನಡೆದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.’ ಈ ಮೂರು ಸಾಲು ಓದಿ ಕೊಟ್ಟವರು, ನೀವು ಅರ್ಧಕ್ಕೆ ತಿರುಗಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಾಧ್ಯವಾದರೆ ಹಣ ಸಂಗ್ರಹವನ್ನು ಚಾರಣಕ್ಕೆ ಒಂದು ವಾರ ಮೊದಲೇ ಮುಗಿಸಿಬಿಡಿ. ಆಗ ಬೆಟ್ಟದಲ್ಲಿ ನಿಮ್ಮ ತಲೆ ಮೇಲೆ ಯಾವ ಗುರಿಯೂ ಇರುವುದಿಲ್ಲ. ಶುರು ಮಾಡಲು ಒಳ್ಳೆಯ ದಿನ ಸೆಪ್ಟೆಂಬರ್ 5. ನಮಗದು ಶಿಕ್ಷಕರ ದಿನಾಚರಣೆ ಅಂತ ಗೊತ್ತು, ಬೆನ್ನುಹುರಿ ಪೆಟ್ಟಿನ ವಿಶ್ವ ದಿನವೂ ಅದೇ.

ಯಾವ ಸಂಸ್ಥೆಗೆ? ನನ್ನ ಅಭಿಪ್ರಾಯದಲ್ಲಿ ಆಪರೇಷನ್ ಖರ್ಚಿಗಿಂತ ಆಮೇಲಿನ ಬದುಕಿಗೆ, ಅಂದರೆ ಪುನರ್ವಸತಿಗೆ ಕೊಡುವುದು ಒಳ್ಳೆಯದು. ಆಪರೇಷನ್‌ಗೆ ಹೇಗೋ ಸಾಲಸೋಲ ಮಾಡಿ ದುಡ್ಡು ಹೊಂದಿಸುತ್ತಾರೆ. ಮನೆಗೆ ಬಂದ ಮೇಲೆ ಏರ್ ಬೆಡ್ ಇಲ್ಲದೆ ಬೆನ್ನಲ್ಲಿ ಹುಣ್ಣಾಗುತ್ತದೆ, ಮೂತ್ರ ತೆಗೆಯುವ ಕೊಳವೆ, ಅಂದರೆ ಕ್ಯಾತಿಟರ್ ತೊಳೆದು ತೊಳೆದು ಬಳಸಿ ಸೋಂಕಾಗುತ್ತದೆ, ಹೊಸ್ತಿಲು ದಾಟಲು ರ‍್ಯಾಂಪ್ ಇಲ್ಲದೆ ಗಾಲಿಕುರ್ಚಿ ಮೂಲೆ ಸೇರುತ್ತದೆ. ನಮ್ಮ ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರ ಮನೆಗಳಿಗೆ ಹೋಗಿ ನೋಡಿ, ಕಷ್ಟ ಇರುವುದು ಅಲ್ಲಿ. ದಕ್ಷಿಣ ಕನ್ನಡದ ಕೊಕ್ಕಡ ಬಳಿ ಸೌತಡ್ಕದಲ್ಲಿ ಬೆನ್ನುಹುರಿ ಪೆಟ್ಟಾದವರಿಗಾಗಿಯೇ ಸೇವಾಧಾಮ ಇದೆ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇದೆ. ಈ ಕೆಲಸವನ್ನು ಕಟ್ಟಿದವರಲ್ಲಿ ಸ್ವತಃ ಬಿದ್ದವರೇ ಇದ್ದಾರೆ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡು, ಗಾಲಿಕುರ್ಚಿಯಲ್ಲೇ ಕೂತು ಆಪರೇಷನ್ ಮಾಡಿ, ಅಲ್ಲಿ ಪುನರ್ವಸತಿ ಕೆಲಸ ಕಟ್ಟಿದರು. ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ 1965ರ ಮೇ 29ರಂದು ಎವರೆಸ್ಟ್ ತುದಿಯಲ್ಲಿ ನಿಂತಿದ್ದವರು. ಅದೇ ವರ್ಷದ ಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿತು. ಮುಂದೆ ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಕಟ್ಟಿದ್ದು ಅವರೇ.

ಲೆಕ್ಕದ ವಿಷಯ ಚುಟುಕಾಗಿ. ದುಡ್ಡು ನಿಮ್ಮ ಫೋನ್‌ಪೇಗೆ ಬರಲೇಬಾರದು, ನೇರ ಸಂಸ್ಥೆಯ ಖಾತೆಗೆ ಹೋಗಲಿ. ಅದಕ್ಕೆ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಚಾರಣದ ಖರ್ಚು ನಿಮ್ಮ ಜೇಬಿನಿಂದ. ದೇಣಿಗೆಗೆ ಸಿಗುವ 80ಜಿ ತೆರಿಗೆ ವಿನಾಯಿತಿ ಇದೆಯಾ ಅಂತ ಜನ ಕೇಳೇ ಕೇಳುತ್ತಾರೆ. ಅದು ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಮತ್ತು 2000 ರೂಪಾಯಿ ದಾಟಿದ ನಗದಿಗೆ ಸಿಗುವುದಿಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಿಮ್ಮ ಕಸಿನ್‌ಗಳ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಇದ್ದರೆ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡವರದ್ದು ಆಗುತ್ತದೆ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದಕ್ಕಂತಲೇ ಇರುವ ಖಾತೆಯಲ್ಲಿ ಪಡೆಯಬೇಕು. ಇದನ್ನು ಮೊದಲೇ ಹೇಳದಿದ್ದರೆ ಪಾಪ, ಸಂಸ್ಥೆಯವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಆರು ತಿಂಗಳ ತಯಾರಿ

ಡಿಸೆಂಬರ್ ಚಾರಣ ಅಂದರೆ ಜೂನ್‌ನಲ್ಲಿ ಶುರು. ಒಬ್ಬ ಫಿಸಿಯೋಥೆರಪಿಸ್ಟ್ ಜೊತೆಗಿರಲಿ. ವಾರವಾರ ಹೋಗದಿದ್ದರೂ ತಿಂಗಳಿಗೊಮ್ಮೆ ತೋರಿಸಿ.

ಜೂನ್, ಜುಲೈ ಪೂರ್ತಿ ಸಮತಟ್ಟು ನಡಿಗೆ. ದೂರ ಎಣಿಸಬೇಡಿ, ನಿಮಿಷ ಎಣಿಸಿ. ವಾರಕ್ಕೆ ಐದು ದಿನ, ಅರ್ಧ ಗಂಟೆಯಿಂದ ಶುರು. ವಾರಕ್ಕೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿಸಬೇಡಿ, ನಾಲ್ಕನೇ ವಾರ ಏರಿಸುವುದರ ಬದಲು ಇಳಿಸಿ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು.

ಜೊತೆಗೆ ಬಲದ ವ್ಯಾಯಾಮ ವಾರಕ್ಕೆ ಮೂರು ದಿನ. ಕೈ ಮಂಡಿ ಊರಿ, ಬಲಗೈ ಮತ್ತು ಎಡಗಾಲನ್ನು ಒಟ್ಟಿಗೆ ಚಾಚಿ ಕೆಲವು ಸೆಕೆಂಡ್ ಹಿಡಿಯುವುದು, ಸೊಂಟ ಅಲುಗಾಡಬಾರದು. ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಪಕ್ಕಕ್ಕೆ ಮಲಗಿ ಮೊಣಕೈ, ಮಂಡಿ ಊರಿ ಸೊಂಟ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಇಷ್ಟೇ. ಮಲಗಿ ಎದ್ದು ಕೂರುವ ಹಳೇ ಪಿ.ಟಿ. ಮೇಷ್ಟ್ರ ಸಿಟಪ್, ಕಾಲಬೆರಳು ಮುಟ್ಟುವ ಬಗ್ಗಾಟ ಬೇಡ. ಬೆನ್ನು ಬಗ್ಗಿಸುವುದಲ್ಲ, ಬಗ್ಗದಂತೆ ಹಿಡಿದಿಟ್ಟುಕೊಳ್ಳುವುದನ್ನು ಕಲಿಯಬೇಕು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೆಟ್ಟಿಲು. ಮಳೆ ಇರುತ್ತದೆ, ಹಾಗಾಗಿ ಅಪಾರ್ಟ್‌ಮೆಂಟ್ ಮೆಟ್ಟಿಲೋ ಮೆಟ್ರೋ ಸ್ಟೇಷನ್ ಮೆಟ್ಟಿಲೋ ಸಾಕು. ಬಿಸಿಲು ಬಂದು ಕಲ್ಲು ಒಣಗಿದ ಮೇಲೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಬೆಂಗಳೂರಿನವರಿಗೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟದ ಮೆಟ್ಟಿಲು. ಒಂದೇ ದಿನ ಪೂರ್ತಿ ಬೇಡ. ಚಾಮುಂಡಿಯಲ್ಲಿ ಮೊದಲು ಇನ್ನೂರು ಮೆಟ್ಟಿಲು ಹತ್ತಿ ಇಳಿಯಿರಿ, ಕೆಲವು ವಾರ ಬಿಟ್ಟು ನಂದಿ ವಿಗ್ರಹದವರೆಗೆ ಹೋಗಿ.

ಅಕ್ಟೋಬರ್, ನವೆಂಬರ್‌ನಲ್ಲಿ ಮಣ್ಣು ಕಲ್ಲಿನ ದಾರಿ, ಬೆನ್ನ ಮೇಲೆ ಬ್ಯಾಗು. ಚಾರಣದ ಒಟ್ಟು ಸಮಯದ ಮುಕ್ಕಾಲು ಭಾಗ ನಡೆದು, ಮರುದಿನ ಬೆಳಿಗ್ಗೆ ಮಾಮೂಲಿಯಂತೆ ಏಳಲು ಆದರೆ ನೀವು ತಯಾರು. ಕೊನೆಯ ಹತ್ತು ದಿನ ಹಗುರ ನಡಿಗೆ ಅಷ್ಟೇ.

ನೋವಿಗೆ ಒಂದು ನಿಯಮ ಇಟ್ಟುಕೊಳ್ಳಿ. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಮೂರರೊಳಗಿನ ನೋವು, ಮರುದಿನದ ಹೊತ್ತಿಗೆ ಹೋಗುವುದಾದರೆ ಮುಂದುವರಿಸಿ. ಒಂದು ದಿನ ಕಳೆದರೂ ಉಳಿದರೆ ಹಿಂದಿನ ವಾರದ ಮಟ್ಟಕ್ಕೆ ಇಳಿಯಿರಿ. ಕಾಲಿನ ಕೆಳಗೆ ಕರೆಂಟ್ ಹೊಡೆದ ಹಾಗೆ ಇಳಿಯುವ ನೋವು, ಹೊಸದಾಗಿ ಜೋಮು, ಇವು ಅಂಕಿ ಎಷ್ಟೇ ಇರಲಿ, ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕಾದವು. ನೋವಿನ ಮಾತ್ರೆ ನುಂಗಿ ನಡೆಯಲು ಹೊರಡುವುದು ಮಾತ್ರ ಯಾವತ್ತೂ ಬೇಡ. ಎಚ್ಚರಿಕೆ ಕೊಡುವ ಒಂದೇ ದಾರಿಯನ್ನು ನಾವೇ ಮುಚ್ಚಿದ ಹಾಗೆ. ಬೆವರಿ ನೀರು ಕಮ್ಮಿಯಾದಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ.

ಇಳಿಯುವುದನ್ನು ಬೇರೆಯಾಗಿ ಕಲಿಯಿರಿ

ಎಲ್ಲರೂ ಹತ್ತುವುದಕ್ಕೆ ತಯಾರಾಗುತ್ತಾರೆ. ಬೆನ್ನಿಗೆ ಏಟು ಬೀಳುವುದು ಇಳಿಯುವಾಗ. ಹತ್ತುವಾಗ ಉಸಿರು ಕಟ್ಟುತ್ತದೆ, ನಿಲ್ಲುತ್ತೇವೆ, ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಅದು ದಣಿದ ಮೇಲೆ ಪ್ರತಿ ಹೆಜ್ಜೆಯೂ ‘ಧಪ್’ ಅಂತ ಬೀಳುತ್ತದೆ, ಆ ಧಪ್ ಸೊಂಟ ದಾಟಿ ಬೆನ್ನಿಗೆ ಬರುತ್ತದೆ. ಮೂಳೆ ಬೆಸೆದವರಿಗೆ ಆ ಭಾಗ ಬಾಗುವುದೇ ಇಲ್ಲ, ಹಾಗಾಗಿ ಮೇಲಿನ ಕೆಳಗಿನ ಕೀಲುಗಳೇ ಜಾಸ್ತಿ ಹೊರೆ ಹೊರಬೇಕು.

ಮನೆಯಲ್ಲಿ ಮಾಡುವ ವ್ಯಾಯಾಮ ಇದು. ಒಂದು ಮೆಟ್ಟಿಲ ಅಂಚಿನಲ್ಲಿ ಬಲಗಾಲ ಮೇಲೆ ನಿಂತುಕೊಳ್ಳಿ, ಒಂದು ಕೈ ಗೋಡೆ ಮೇಲಿರಲಿ. ಎಡಗಾಲನ್ನು ಮುಂದೆ ಗಾಳಿಯಲ್ಲಿ ಬಿಟ್ಟು, ಬಲ ಮಂಡಿಯನ್ನು ನಿಧಾನವಾಗಿ ಮಡಚುತ್ತಾ ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿ. ನಾಲ್ಕಕ್ಕೆ ಎಡ ಹಿಮ್ಮಡಿ ಕೆಳಗಿನ ಮೆಟ್ಟಿಲನ್ನು ಮುಟ್ಟಬೇಕು, ಸದ್ದಾಗಬಾರದು. ಮುಟ್ಟಿದ ಕೂಡಲೇ ಭಾರ ಹಾಕದೆ ವಾಪಸ್ ಮೇಲೆ ಬನ್ನಿ. ಮಂಡಿ ಒಳಗೆ ವಾಲುತ್ತಿದೆಯಾ, ಸೊಂಟ ಒಂದು ಕಡೆ ಜಾರುತ್ತಿದೆಯಾ ಅಂತ ಮನೆಯವರು ಮುಂದೆ ನಿಂತು ನೋಡಲಿ. ಎರಡೂ ಕಾಲಲ್ಲಿ ಹತ್ತು ಹತ್ತು ಸಲ ಸದ್ದಿಲ್ಲದೆ ಆಗುವವರೆಗೆ ಬೆಟ್ಟದ ಇಳಿಜಾರು ಬೇಡ.

ಚಾಮುಂಡಿ ಬೆಟ್ಟದ ದೊಡ್ಡ ಉಪಯೋಗ ಏನೆಂದರೆ ತುದಿಗೆ ಸಿಟಿ ಬಸ್ ಇದೆ. ಕೆಲವು ದಿನ ಹತ್ತಿ, ಬಸ್ಸಿನಲ್ಲಿ ವಾಪಸ್ ಬನ್ನಿ. ಕೆಲವು ದಿನ ಬಸ್ಸಿನಲ್ಲಿ ಹೋಗಿ ಇಳಿಯುವುದನ್ನಷ್ಟೇ ಮಾಡಿ. ಇಳಿಯುವಾಗ ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಮಡಚಿರಲಿ, ಕಡಿದಾದ ಕಡೆ ಅಡ್ಡಡ್ಡ ತಿರುಗಿ ಇಳಿಯಿರಿ. ಬಂಡೆಯಿಂದ ಹಾರಬೇಡಿ. ಒಂದಡಿ ಎತ್ತರವೇ ಇರಲಿ, ಕೂತು ಕಾಲು ಇಳಿಬಿಟ್ಟು ಇಳಿಯಿರಿ.

ಬ್ಯಾಗು, ಕೋಲು, ಶೂ

ಬ್ಯಾಗಿಗೆ ಸೊಂಟಪಟ್ಟಿ ಇರಲೇಬೇಕು. ಭಾರ ಹೆಚ್ಚುಪಾಲು ಸೊಂಟದ ಮೂಳೆ ಮೇಲೆ ಕೂರಬೇಕು, ಹೆಗಲ ಮೇಲಲ್ಲ. ಖಾಲಿ ಬ್ಯಾಗಿನಿಂದ ಶುರು ಮಾಡಿ ಎರಡು ವಾರಕ್ಕೊಂದು ಅರ್ಧ ಲೀಟರ್ ನೀರಿನ ಬಾಟಲಿ ಸೇರಿಸುತ್ತಾ ಹೋಗಿ. ಮೂರು ನಾಲ್ಕು ಕಿಲೋ ದಾಟಬೇಡಿ. ಮಿಕ್ಕಿದ್ದು ಜೊತೆಗಾರರು ಹೊರಲಿ, ಕೇಳಲು ಸಂಕೋಚ ಬೇಡ.

ಬ್ಯಾಗ್ ಹೊರುವುದಕ್ಕಿಂತ ನೆಲದಿಂದ ಎತ್ತುವುದೇ ಅಪಾಯ. ಬಗ್ಗಿ, ಒಂದೇ ಕೈಯಲ್ಲಿ ಎತ್ತಿ, ತಿರುಗಿ ಹೆಗಲಿಗೆ ಹಾಕುತ್ತೇವಲ್ಲ, ಬೆನ್ನಿಗೆ ಆಗದ ಎರಡು ಕೆಲಸ, ಬಗ್ಗುವುದು ಮತ್ತು ತಿರುಚುವುದು, ಒಟ್ಟಿಗೇ ಆಗುತ್ತದೆ. ಬ್ಯಾಗನ್ನು ಯಾವಾಗಲೂ ಸೊಂಟದೆತ್ತರದ ಬಂಡೆ ಮೇಲೆ ಇಡಿ, ಅದಕ್ಕೆ ಬೆನ್ನು ಕೊಟ್ಟು ಪಟ್ಟಿಯೊಳಗೆ ಕೈ ತೂರಿಸಿ ಮುಂದೆ ಹೆಜ್ಜೆ ಹಾಕಿ.

ಕೋಲು ಎರಡು ಬೇಕು, ಒಂದಲ್ಲ. ಒಂದೇ ಇದ್ದರೆ ಮೈ ಒಂದು ಕಡೆ ವಾಲುತ್ತದೆ. ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಿ. ಜಿಗಣೆ ಸಾಕ್ಸ್ ಹಾಕಿ. ಜಿಗಣೆ ಕಚ್ಚುವುದರಿಂದ ಸಾಮಾನ್ಯವಾಗಿ ದೊಡ್ಡದೇನೂ ಆಗುವುದಿಲ್ಲ, ಆದರೆ ಅದನ್ನು ತೆಗೆಯಲು ಹತ್ತು ಹತ್ತು ನಿಮಿಷಕ್ಕೆ ಬಗ್ಗುತ್ತೀರಲ್ಲ, ಅದರಿಂದ ಆಗುತ್ತದೆ. ಪಾದಕ್ಕೆ ಸ್ಪರ್ಶ ಕಮ್ಮಿ ಇರುವವರು ಶೂ ಹಾಕುವ ಮೊದಲು ಒಳಗೆ ಕೈಯಾಡಿಸಿ ನೋಡಿ, ನಿಂತಾಗಲೆಲ್ಲ ಸಾಕ್ಸ್ ಬಿಚ್ಚಿ ಬೊಬ್ಬೆ ಎದ್ದಿದೆಯಾ ನೋಡಿ. ನಿಮಗೆ ನೋವಾಗುವುದಿಲ್ಲ, ಹಾಗಾಗಿ ಕಣ್ಣೇ ಕೆಲಸ ಮಾಡಬೇಕು. ಸೊಂಟದ ಬೆಲ್ಟನ್ನು ಡಾಕ್ಟರು ಹೇಳದೆ ಚಾರಣಕ್ಕಂತ ಹೊಸದಾಗಿ ಕಟ್ಟಬೇಡಿ.

ಪ್ರಯಾಣ, ಹಿಂದಿನ ರಾತ್ರಿ

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತಿ, ಶನಿವಾರ ಬೆಳಿಗ್ಗೆ ಇಳಿದು ಹಲ್ಲುಜ್ಜಿ ಬೆಟ್ಟ ಹತ್ತುವ ಪದ್ಧತಿ ನಮಗಲ್ಲ. ರಾತ್ರಿಯಿಡೀ ಕುಲುಕಾಡಿದ ಬೆನ್ನು ಬೆಳಿಗ್ಗೆ ಮರಗಟ್ಟಿರುತ್ತದೆ. ಹಗಲಲ್ಲಿ ಹೋಗಿ. ಬಸ್ಸಿನ ನಡುವಿನ ಸೀಟೇ ಬೇಕು. ಹಿಂದಿನ ಸಾಲು ಚಕ್ರದ ಆಚೆ ಇರುವುದರಿಂದ ಹಂಪ್ ಬಂದಾಗ ಎತ್ತಿ ಕುಕ್ಕುತ್ತದೆ. ಕಾರಾದರೆ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ತಲುಪಿದ ಮರುದಿನ ಚಾರಣ, ಸಾಧ್ಯವಾದರೆ ಅದಕ್ಕೂ ಮರುದಿನ.

ಹೋಂಸ್ಟೇಗೆ ಫೋನ್ ಮಾಡಿ ಎರಡು ವಿಷಯ ಕೇಳಿ. ಹಾಸಿಗೆ ಗಟ್ಟಿ ಇದೆಯಾ? ಕಮೋಡ್ ಇದೆಯಾ? ಎರಡನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಸೊಂಟದ ಮೂಳೆ ಬೆಸೆದವರಿಗೆ ಕುಕ್ಕರಗಾಲಿನಲ್ಲಿ ಕೂತು ಏಳುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ ಆಗಬಹುದು. ದಾರಿಯಲ್ಲಿ ಬೇಕಾದರೆ ಅಂತ ಎರಡು ಕೋಲು ಹಿಡಿದು ಅರ್ಧ ಕೂರುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ.

ವಿಮೆ ಪಾಲಿಸಿಯಲ್ಲಿ ಹಳೇ ಪೆಟ್ಟನ್ನು ಬರೆಸಿದ್ದೀರಾ, ಸಾಹಸ ಚಟುವಟಿಕೆಯನ್ನು ಹೊರಗಿಟ್ಟಿದ್ದಾರಾ ಅಂತ ಓದಿ ನೋಡಿ.

ಆ ದಿನ

ಜೊತೆಗೆ ಕನಿಷ್ಠ ಮೂರು ಜನ, ಮತ್ತು ಊರಿನ ಗೈಡ್. ಒಬ್ಬರು ನಿಮ್ಮ ಜೊತೆ ನಿಂತರೆ ಇನ್ನೊಬ್ಬರು ಕೆಳಗೆ ಓಡಿ ಸಹಾಯ ತರಬಹುದು. ಅವರಲ್ಲಿ ಒಬ್ಬರಿಗೆ ‘ವಾಪಸ್’ ಹೇಳುವ ಅಧಿಕಾರ ಕೊಡಿ, ಹಿಂದಿನ ರಾತ್ರಿಯೇ ಎಲ್ಲರ ಮುಂದೆ. ಅವರು ವಾಪಸ್ ಅಂದರೆ ಚರ್ಚೆ ಇಲ್ಲ. ನಿಮ್ಮನ್ನು ಮೆಚ್ಚಿಕೊಂಡು ಚಪ್ಪಾಳೆ ತಟ್ಟುವವರು ಇದಕ್ಕೆ ಬೇಡ. ನೀವು ಮುಖ ಕಿವುಚಿದರೆ ಗುರುತು ಹಿಡಿಯುವವರು ಬೇಕು.

ಬೆಳಕು ಹರಿದ ಕೂಡಲೇ ಹೊರಡಿ. ಮೊದಲ ಅರ್ಧ ಗಂಟೆ ಬೇಕಂತಲೇ ನಿಧಾನ. ನಲವತ್ತೈದು ನಿಮಿಷಕ್ಕೊಮ್ಮೆ ಬ್ಯಾಗ್ ಇಳಿಸಿ, ಸಮತಟ್ಟು ಜಾಗ ಸಿಕ್ಕರೆ ಮ್ಯಾಟ್ ಹಾಸಿ ಮಂಡಿ ಮಡಚಿ ಐದು ನಿಮಿಷ ಮಲಗಿ. ಆಗಲೇ ನೋವಿನ ಅಂಕಿ ಹೇಳಿ, ಜೊತೆಗಾರರು ಬರೆದುಕೊಳ್ಳಲಿ. ಎರಡು ಸಲ ಸತತವಾಗಿ ಏರಿದ್ದರೆ ಅದೇ ವಾಪಸ್ ಬರುವ ಹೊತ್ತು. ಹನ್ನೊಂದೂವರೆ ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗುವುದು, ತುದಿ ಕಣ್ಣಿಗೆ ಕಾಣುತ್ತಿದ್ದರೂ. ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಇಳಿಯಲು ಉಳಿದಿರಬೇಕು.

ಮೂತ್ರದ ತೊಂದರೆ ಇರುವವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಹಾಗೆ ಮಾಡಬೇಡಿ. ಕ್ಯಾತಿಟರ್ ಬಳಸುವವರು ಮನೆಯ ಸಮಯವನ್ನೇ ಪಾಲಿಸಿ, ಕೈ ಸ್ಯಾನಿಟೈಸರ್, ಒಂದು ಹೆಚ್ಚುವರಿ ಸೆಟ್, ಮರೆಗೆ ಒಂದು ಪಂಚೆ ಅಥವಾ ದುಪಟ್ಟಾ ಇಟ್ಟುಕೊಳ್ಳಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಬಿಸಿಲಲ್ಲಿ ಒದ್ದೆ ಟವೆಲ್ ಕತ್ತಿಗೆ ಸುತ್ತಿ.

ಇವು ಕಂಡರೆ ಆಸ್ಪತ್ರೆ

ಮಲ ಮೂತ್ರದ ಹಿಡಿತ ತಪ್ಪುವುದು ಅಥವಾ ಮೂತ್ರ ಬರದೇ ಇರುವುದು. ತೊಡೆಯ ಸಂದಿ, ಆಸನದ ಸುತ್ತ ಜೋಮು ಹಿಡಿಯುವುದು. ಕಾಲಲ್ಲಿ ಹೊಸದಾಗಿ ಶಕ್ತಿ ಇಲ್ಲದಿರುವುದು, ಪಾದ ಎಳೆಯುವುದು. ಎರಡೂ ಕಾಲಿಗೆ ಇಳಿಯುವ ನೋವು. ಇವು ಬೆನ್ನುಮೂಳೆಯ ಕೆಳತುದಿಯ ಒಳಗಿರುವ ನರದ ಗೊಂಚಲು ಒತ್ತಿಕೊಂಡಿರುವ ಲಕ್ಷಣ, ಇದಕ್ಕೆ ಗಂಟೆಗಳ ಲೆಕ್ಕ, ‘ನಾಳೆ ನೋಡೋಣ’ ಅನ್ನುವ ಹಾಗಿಲ್ಲ. ಬಿದ್ದು ಬೆನ್ನಿಗೆ ಏಟಾದರೆ ಕೈ ಕಾಲು ಹಿಡಿದು ಎತ್ತಲು ಬಿಡಬೇಡಿ. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇಟ್ಟು, ಬೆಚ್ಚಗೆ ಹೊದಿಸಿ, 108ಕ್ಕೆ ಫೋನ್ ಮಾಡಿ ಕಾಯಬೇಕು. ಎಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಗೈಡಿಗೆ ಗೊತ್ತಿರುತ್ತದೆ, ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ನಿಮ್ಮ ಆಪರೇಷನ್ ವಿವರ, ಈಗಿನ ಮಾತ್ರೆಗಳು, ಡಾಕ್ಟರ ನಂಬರ್ ಒಂದು ಹಾಳೆಯಲ್ಲಿ ಬರೆದು ಬ್ಯಾಗಿನ ಮೇಲಿನ ಜೇಬಲ್ಲಿ ಇಡಿ.

ವಾಪಸ್ ಬಂದ ಮೇಲೆ

ಆ ಸಂಜೆ ಸೋಫಾದಲ್ಲಿ ಕುಸಿದು ಕೂರಬೇಡಿ, ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ. ಮರುದಿನ ಪ್ರಯಾಣ ಬೇಡ, ಅಲ್ಲೇ ಉಳಿಯಿರಿ. ತೊಡೆ, ಮೀನಖಂಡ ಎರಡು ಮೂರು ದಿನ ನೋಯುವುದು ಮಾಮೂಲು. ಹಳೇ ಪೆಟ್ಟಿನ ಜಾಗದಲ್ಲೇ ನೋವು ಒಂದು ವಾರ ಕಳೆದರೂ ಇದ್ದರೆ ಡಾಕ್ಟರಿಗೆ ತೋರಿಸಿ. ನೋವಿಲ್ಲದಿದ್ದರೂ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಹೋಗಿ, ಆ ಮೆಟ್ಟಿಲ ವ್ಯಾಯಾಮ ಮತ್ತೆ ಮಾಡಿ ತೋರಿಸಿ. ಒಂದು ಕಡೆ ಬಲ ಕಮ್ಮಿಯಾಗಿದ್ದರೆ ಅವರಿಗೆ ಗೊತ್ತಾಗುತ್ತದೆ.

ದುಡ್ಡು ಕೊಟ್ಟವರಿಗೆ ಎರಡು ವಾರದೊಳಗೆ ಬರೆಯಿರಿ. ಎಷ್ಟು ದೂರ ನಡೆದಿರಿ ಅನ್ನುವುದು ಒಂದು ಸಾಲು ಸಾಕು. ಒಟ್ಟು ಎಷ್ಟು ಸೇರಿತು, ಸಂಸ್ಥೆಗೆ ಯಾವತ್ತು ತಲುಪಿತು, ರಸೀದಿ ಯಾವಾಗ ಬರುತ್ತದೆ, ಅದರಿಂದ ಏನು ಕೊಂಡರು ಅನ್ನುವುದನ್ನು ವಿವರವಾಗಿ ಬರೆಯಿರಿ. ಏರ್ ಬೆಡ್ಡೋ ಗಾಲಿಕುರ್ಚಿಯೋ ಯಾರಿಗಾದರೂ ಸಿಕ್ಕಿದ್ದರೆ, ಅವರು ಒಪ್ಪಿದರೆ ಮಾತ್ರ ಫೋಟೋ ಹಾಕಿ. ಸಂಸ್ಥೆಯವರು ವಿವರ ಕೊಡಲು ತಡ ಮಾಡಿದರೆ ಬೆನ್ನುಹತ್ತಿ ಕೇಳಿ, ಜನ ದುಡ್ಡು ಹಾಕಿದ್ದು ನಿಮ್ಮ ಮುಖ ನೋಡಿ ತಾನೇ.